ಬಿದ್ದುಹೋಗುವ ಹಲ್ಲು ತಾನೆ?

ಮಗುವಿನ ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯ ಉಂಡೆಯಲ್ಲಿ ಹುದುಗಿಸಿ ಮನೆಯ ಮಾಡಿನ ಮೇಲಕ್ಕೆ ಎಸೆಯುವ ವಾಡಿಕೆ ನಮ್ಮ ನಾಡಿನ ಅನೇಕ ಕಡೆಗಳಲ್ಲಿ ಉಂಟು. ಹಾಗೆ ಮಾಡಿದರೆ ಹೊಸ ಹಲ್ಲು ಬೇಗ ಹುಟ್ಟುವುದೆಂದು ಹಿರಿಯರ ನಂಬಿಕೆ. ಈ ವಾಡಿಕೆಯಿಂದ ಯಾರಿಗೂ ಕೇಡಿಲ್ಲವಾದ್ದರಿಂದ ಅದರ ಮೇಲೆ ನಮ್ಮ ದೂರೇನೂ ಇಲ್ಲ. ಬಿದ್ದ ಹಲ್ಲಿಗೆ ಇಷ್ಟು ಮರ್ಯಾದೆ ಸಲ್ಲಿಸುವ ಮನೆಯವರೇ, ಆ ಹಲ್ಲು ಬಾಯಲ್ಲಿದ್ದು ಕಪ್ಪುಗಟ್ಟಿ ಟೊಳ್ಳಾಗುತ್ತಿದ್ದಾಗ ಅದರ ಕಡೆ ಕಣ್ಣೆತ್ತಿಯೂ ನೋಡದೆ ಇರುತ್ತಾರೆ. ನಮಗೆ ಸೋಜಿಗವೆನಿಸುವುದು ಇದು. ಯಾರಾದರೂ ಎಚ್ಚರಿಸಿದರೆ, “ಹೇಗೂ ಬಿದ್ದುಹೋಗುವ ಹಲ್ಲು ತಾನೆ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಓದು ಬಲ್ಲವರ ಮನೆಗಳಲ್ಲಿಯೂ ಈ ಮಾತು ಕೇಳಿಬರುತ್ತದೆ. ಇದು ಎಷ್ಟು ದುಬಾರಿಯಾದ ಮಾತೆಂಬುದನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ. ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ವಾಚಕರಲ್ಲಿ ಬಹುಮಂದಿಗೆ ಮನೆಯಲ್ಲಿ ತಮ್ಮನೋ ತಂಗಿಯೋ ಇರುವುದು ಸಹಜ. ಆದುದರಿಂದ ತಾಯಿತಂದೆಗಳಿಗೆ ಹೇಳಬೇಕಾದುದನ್ನು ಮೊದಲು ನಿಮಗೇ ಹೇಳುತ್ತಿದ್ದೇವೆ.

ಹಲ್ಲು ವಸಡನ್ನು ಸೀಳಿಕೊಂಡು ಹೊರಬಂದ ದಿನ ಹುಟ್ಟಿತೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಕಥೆ ಬಹಳ ಹಿಂದೆಯೇ ಮೊದಲಾಗಿರುತ್ತದೆ. ಶಿಶುವು ತಾಯಿಯ ಗರ್ಭದಲ್ಲಿ ಆರು ವಾರಗಳದ್ದಾಗಿರುವಾಗಲೇ ಹಾಲುಹಲ್ಲಿನ ಮೊಳಕೆಗಳು ದವಡೆಯಲ್ಲಿ ತಲೆದೋರುತ್ತವೆ. ನಾಲ್ಕನೆಯ ತಿಂಗಳಲ್ಲಿ ಅವುಗಳಲ್ಲಿ ಸುಣ್ಣದಂಶ ಸೇರತೊಡಗುತ್ತದೆ. ಹುಟ್ಟಿದ ಆರನೆಯ ತಿಂಗಳ ಸುಮಾರಿಗೆ ಕೆಳದವಡೆಯ ಬಾಚಿಹಲ್ಲುಗಳು ಕಾಣಿಸಿಕೊಳ್ಳುತ್ತವೆ. ಮೂರು ವರ್ಷ ತುಂಬುವ ವೇಳೆಗೆ ಇಪ್ಪತ್ತು ಹಾಲುಹಲ್ಲುಗಳೂ ಬಂದಿರುತ್ತವೆ. ಇವುಗಳಲ್ಲಿ ಮುಂದಿನವು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ಅಗಿಯಲು ಬೇಕಾದ ಹಾಲುದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಬಾಯಲ್ಲಿ ಇರತಕ್ಕವು. ನಾಲ್ಕು ವರ್ಷದ ಮಗುವಿನ ದವಡೆಹಲ್ಲಿನಲ್ಲಿ ಹುಳುಕು ಕಂಡಾಗ “ಹೇಗೂ ಬಿದ್ದುಹೋಗುತ್ತದೆ” ಎನ್ನುವವರು, ಆ ಮಗು ಇನ್ನು ಆರೇಳು ವರ್ಷಕಾಲ ಅದೇ ಹಲ್ಲಿನಿಂದ ಉಣ್ಣಬೇಕೆಂಬುದನ್ನು ಮರೆಯುತ್ತಾರೆ. ನೋಯುವ ಹಲ್ಲಿನ ಮಗು ಒಂದೇ ಪಕ್ಕದಲ್ಲಿ ಅಗಿಯುತ್ತದೆ, ಗಟ್ಟಿಯಾದುದನ್ನು ಬಿಡುತ್ತದೆ, ರಾತ್ರಿ ನಿದ್ದೆಗೆಡುತ್ತದೆ. ಮರುದಿನ ಶಾಲೆಯಲ್ಲಿ ಅದಕ್ಕೆ ದಡ್ಡನೆಂಬ ಹೆಸರು ಬರುವುದೂ ಉಂಟು.

ಹಾಲುಹಲ್ಲಿಗೆ ಇನ್ನೊಂದು ಕೆಲಸವಿದೆ. ತನ್ನ ಬೇರಿನ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗಾಗಿ ಅದು ಜಾಗವನ್ನು ಕಾದಿರಿಸಿರುತ್ತದೆ. ಅದನ್ನು ಅವಧಿಗೆ ಮುನ್ನವೇ ಕಿತ್ತುಹಾಕಿದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಆ ಜಾಗವನ್ನು ಆಕ್ರಮಿಸುತ್ತದೆ. ಆಮೇಲೆ ಬರಬೇಕಾದ ಹಲ್ಲು ಸಂದು ಸಿಕ್ಕದೆ ಸೊಟ್ಟಗೆ ಹೊರಟು ಬರುತ್ತದೆ, ಇಲ್ಲವೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹುಳುಕು ತಿರುಳಿಗಿಳಿದು ಬೇರಿನ ತುದಿಯಲ್ಲಿ ಕೀವಾದರೆ, ಅಲ್ಲಿಯೇ ರೂಪುಗೊಳ್ಳುತ್ತಿರುವ ಹೊಸ ಹಲ್ಲಿನ ಎನಾಮೆಲ್ ಪದರಕ್ಕೂ ಅದರ ಪೆಟ್ಟು ತಟ್ಟಬಹುದು. ಹಾಲುಹಲ್ಲಿನ ಎನಾಮೆಲ್ ಶಾಶ್ವತ ಹಲ್ಲಿನದಕ್ಕಿಂತ ಸುಮಾರು ಅರ್ಧದಷ್ಟೇ ದಪ್ಪವಾದುದರಿಂದ ಹುಳುಕು ತಿರುಳನ್ನು ಮುಟ್ಟಲು ಬಹುಕಾಲ ಹಿಡಿಯುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಮಗುವಿಗೆ ಆರು ವರ್ಷ ತುಂಬುವ ಸುಮಾರಿಗೆ, ಹಾಲುಹಲ್ಲುಗಳೆಲ್ಲಕ್ಕೂ ಹಿಂದೆ, ಒಂದೊಂದು ದವಡೆಯ ಎರಡು ಕೊನೆಗಳಲ್ಲಿಯೂ ಒಂದೊಂದರಂತೆ ನಾಲ್ಕು ದೊಡ್ಡ ಹಲ್ಲುಗಳು ಸದ್ದಿಲ್ಲದೆ ಹೊರಡುತ್ತವೆ. ಇವುಗಳಿಗೆ ಎಡೆಮಾಡಿಕೊಡಲು ಯಾವ ಹಲ್ಲೂ ಬೀಳುವುದಿಲ್ಲ. ಮಾಡಿನ ಮೇಲೆ ಎಸೆಯಲು ಏನೂ ಇರುವುದಿಲ್ಲ. ಆದುದರಿಂದ ಮನೆಯವರ ಗಮನಕ್ಕೆ ಬರುವುದೇ ಇಲ್ಲ. ಕಂಡರೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಇವು ಶಾಶ್ವತ ದವಡೆಹಲ್ಲುಗಳು, ಜನ್ಮಕ್ಕೆ ಒಮ್ಮೆ ಮಾತ್ರ ಬರತಕ್ಕವು. ಇವುಗಳಲ್ಲಿ ಸುಣ್ಣದಂಶ ಸೇರಲು ಮೊದಲಾದುದು ಮಗು ಹುಟ್ಟಿದ ಹೊತ್ತಿನಲ್ಲಿ. ಆರು ವರ್ಷಗಳ ಕಟ್ಟಡದ ಕೆಲಸ ಮುಗಿದು ಹೊರಬಂದ ಈ ಹಲ್ಲಿನ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಬ್ರಷ್ಷಿನ ಕೂದಲು ಅಲ್ಲಿಗೆ ಇಳಿಯದು. ಹೊರಡುತ್ತಿರುವಾಗ ಅದು ಅಕ್ಕಪಕ್ಕದ ಹಲ್ಲುಗಳಿಗಿಂತ ತಗ್ಗಿನಲ್ಲಿರುವುದರಿಂದ ಉಜ್ಜುವ ಕೈಗೂ ಎಟಕುವುದಿಲ್ಲ. ಪರಿಣಾಮವಾಗಿ, ಎಂಟೊಂಬತ್ತು ವರ್ಷಕ್ಕೇ ಅದು ಹುಳುಕಾಗಿ, “ಹಾಲುಹಲ್ಲು ತಾನೆ, ಕಿತ್ತುಬಿಡಿ” ಎಂದು ತಂದೆತಾಯಿಗಳೇ ವೈದ್ಯರನ್ನು ಕೇಳಿಕೊಳ್ಳುವುದುಂಟು. ಎಪ್ಪತ್ತು ವರ್ಷ ಬಾಳಬೇಕಾದ ಹಲ್ಲನ್ನು ಎರಡು ಮೂರು ವರ್ಷಗಳಲ್ಲಿ ಕಳೆದುಕೊಳ್ಳುವುದೆಂದರೆ ಇದೇ.

ಇದನ್ನು ಗುರುತಿಸುವುದು ಕಷ್ಟವಲ್ಲ. ಮುಂಬಾಯಿಯ ನಡುಗೆರೆಯಿಂದ ಹಿಂದಕ್ಕೆ ಎಣಿಸುತ್ತ ಹೋಗಿ: ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಹಾಲುದವಡೆಹಲ್ಲು, ಅಲ್ಲಿಗೆ ಐದು. ಆರನೆಯದು ಕಂಡುಬಂದರೆ ಅದು ಹಾಲುಹಲ್ಲಲ್ಲ. ಆರನೆಯ ವರ್ಷಕ್ಕೆ ಆರನೆಯ ಹಲ್ಲು ಎಂದು ನೆನಪಿಟ್ಟುಕೊಂಡರೆ ಸಾಕು. ಮನೆಯಲ್ಲಿರುವ ಚಿಕ್ಕವರ ಬಾಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ.

ಹಲ್ಲು ಹುಳುಕಾಗುವುದಾದರೂ ಹೇಗೆ? ನಮ್ಮ ಭಾಷೆಯ ‘ಹುಳುಕು’ ಎಂಬ ಪದದಲ್ಲಿಯೇ ಹುಳು ಅಡಗಿದೆ. ಹಲ್ಲನ್ನು ಹುಳು ತಿನ್ನುತ್ತದೆಂಬ ನಂಬಿಕೆ ಪ್ರಾಚೀನ ಕಾಲದಿಂದಲೂ ಅನೇಕ ದೇಶಗಳಲ್ಲಿತ್ತು. ಸಂತೆಯಲ್ಲಿ ಕುಳಿತು ರೋಗಿಯ ಬಾಯಿಂದ ಹುಳು ತೆಗೆದು ತೋರಿಸುವ ಕೈಚಳಕದವರೂ ಇದ್ದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಷಾರ್ ತನ್ನ ಗ್ರಂಥದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿದನು. ಆದರೆ ಅದಕ್ಕೂ ಮೊದಲು, 1683ರಲ್ಲಿಯೇ, ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿಯ ಕೊಳೆಯನ್ನು ಮಸೂರದ ಕೆಳಗಿಟ್ಟು, ಅಲ್ಲಿ ಓಡಾಡುತ್ತಿರುವ ಸೂಕ್ಷ್ಮ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದನು. ಹುಳುವಿಲ್ಲವೆಂದವನೂ ಜೀವಿಗಳಿವೆಯೆಂದವನೂ ಇಬ್ಬರೂ ಸರಿ. ಇವೆರಡನ್ನೂ ಕೂಡಿಸಿದವನು ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್. ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ರೊಟ್ಟಿಯ ಮಿಶ್ರಣದಲ್ಲಿ ಬೆಚ್ಚಗೆ ಇರಿಸಿದಾಗ ಅವು ಮೆತ್ತಗಾಗುವುದನ್ನು ಅವನು ತೋರಿಸಿಕೊಟ್ಟನು. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. 1890ರಲ್ಲಿ ಮಿಲ್ಲರನು ಪ್ರಕಟಿಸಿದ ಈ ವಾದದ ತಿರುಳು ಇಂದಿಗೂ ನಿಂತಿದೆ.

ಎನಾಮೆಲ್ ನಮ್ಮ ದೇಹದ ಅತ್ಯಂತ ಕಠಿಣವಾದ ವಸ್ತು. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹರಳುಗಳೇ ಅದರಲ್ಲಿ ಮುಖ್ಯವಾದವು. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸುಲಿದ ಚರ್ಮ ಮತ್ತೆ ಬೆಳೆಯುತ್ತದೆ. ಎನಾಮೆಲ್ಲಿಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಅಳಿದುಹೋಗಿರುತ್ತವೆ. ಬಾಯೊಳಗಿನ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಕರಗತೊಡಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಂಬವರು ಅಳೆದು ತೋರಿಸಿದಂತೆ, ಸಕ್ಕರೆಯ ನೀರು ಹಲ್ಲಿಗೆ ಸೋಕಿದ ಕೆಲವೇ ನಿಮಿಷಗಳಲ್ಲಿ ಪಿ.ಎಚ್. ತಟ್ಟನೆ ಇಳಿಯುತ್ತದೆ; ಜೊಲ್ಲು ಆ ಆಮ್ಲವನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಕರಗಿದ ಭಾಗಕ್ಕೆ ಮರಳಿ ಸೇರಿ ಸಣ್ಣ ಪುಟ್ಟ ನಷ್ಟವನ್ನು ತುಂಬಿಕೊಡುತ್ತದೆ. ಹಲ್ಲಿನ ಮೇಲೆ ದಿನವೂ ಹೀಗೆ ಕೊಡುಕೊಳ್ಳುವ ವ್ಯವಹಾರ ನಡೆದೇ ಇರುತ್ತದೆ. ಗಂಟೆಗೊಮ್ಮೆ ಪೆಪ್ಪರಮೆಂಟು ಚೀಪುವ ಮಗುವಿನ ಬಾಯಲ್ಲಿ ಕೊಡುವುದೊಂದೇ ನಡೆದು ಪಡೆಯಲು ಬಿಡುವೇ ಇರುವುದಿಲ್ಲ.

ಎಷ್ಟು ಸಕ್ಕರೆ ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯವೆಂದು ಸಿದ್ಧಪಡಿಸಿದ ಪ್ರಯೋಗ ನಡೆದುದು ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, 1945ರಿಂದ 1953ರವರೆಗೆ. ಊಟದೊಡನೆಯೇ ಸಕ್ಕರೆಯನ್ನು ಪಡೆದವರಲ್ಲಿ ಹುಳುಕು ಅಲ್ಪವಾಗಿ ಮಾತ್ರ ಹೆಚ್ಚಿತು. ಹಲ್ಲಿಗೆ ಅಂಟುವ ಟಾಫಿಯನ್ನು ದಿನಕ್ಕೆ 24ರವರೆಗೆ ಊಟಗಳ ನಡುನಡುವೆ ತಿಂದವರಲ್ಲಿ ಅದು ವಿಪರೀತವಾಯಿತು. ಟಾಫಿಯನ್ನು ನಿಲ್ಲಿಸಿದಾಗ ಹೊಸ ಹುಳುಕು ಮತ್ತೆ ತಗ್ಗಿತು. ಆದರೆ ಈ ಪ್ರಯೋಗಕ್ಕೆ ಒಳಗಾದವರು ಬುದ್ಧಿಮಾಂದ್ಯದ ರೋಗಿಗಳು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಅವರ ಹಲ್ಲುಗಳನ್ನು ತಿಳಿದೂ ಹಾಳುಮಾಡಲಾಯಿತು. ಇಂಥ ಪ್ರಯೋಗವನ್ನು ಈಗ ಯಾವ ನಾಗರಿಕ ದೇಶವೂ ಸಹಿಸದು, ಸಹಿಸಲೂಬಾರದು. ಅಷ್ಟು ಬೆಲೆ ತೆತ್ತು ದೊರೆತ ತಿಳಿವಳಿಕೆಯನ್ನು ನಾವು ಉಪಯೋಗಿಸದೆ ಬಿಟ್ಟರೆ ಆ ನಿರ್ಭಾಗ್ಯರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ.

ಹಬ್ಬದೂಟದ ಹೋಳಿಗೆಯನ್ನು ಮಗುವಿನಿಂದ ಕಿತ್ತುಕೊಳ್ಳಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ. ಊಟದೆಲೆಯ ಮೇಲಿನ ಸಿಹಿಗೆ ಅಂಜಬೇಕಾದುದೂ ಇಲ್ಲ. ಅಂಜಬೇಕಾದುದು ಶಾಲೆಯ ಗೇಟಿನ ಮುಂದಿನ ಅಂಗಡಿಯ ಚಾಕಲೇಟಿಗೆ, ಅಳುವನ್ನು ನಿಲ್ಲಿಸಲು ಕೈಗೆ ಕೊಡುವ ಬಿಸ್ಕತ್ತಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಬೆರೆಸಿದ ಹಾಲಿನ ಸೀಸೆಯನ್ನು ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸಕ್ಕೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರ ಕಡಮೆಯಾಗುವುದರಿಂದ ಸಿಹಿಹಾಲು ರಾತ್ರಿಯೆಲ್ಲ ಮೇಲಿನ ಬಾಚಿಹಲ್ಲುಗಳ ಮೇಲೆ ನಿಂತಿರುತ್ತದೆ. ಎರಡು ವರ್ಷದ ಮಗುವಿನ ಮುಂದಿನ ಹಲ್ಲುಗಳು ಮೊಟಕಾಗಿ ಕಪ್ಪಾಗಿರುವುದನ್ನು ಕಂಡರೆ ಕಾರಣವನ್ನು ಮೊದಲು ಅಲ್ಲಿ ಹುಡುಕಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಮಗುವಿನ ಹಲ್ಲು ಕೆಟ್ಟರೆ ಬೈಗುಳವೆಲ್ಲ ತಾಯಿಯ ಪಾಲಿಗೆ. ಸ್ವಲ್ಪ ಉಳಿದರೆ ಮಗುವಿಗೆ. ಇದು ಸರಿಯಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂಲಿಗೆ ಹೋಗುವ ತಾಯಿ, ಅಂಗಡಿಯ ಮುಂದಿನ ಆಸೆ, ಮೂವತ್ತು ಮೈಲಿ ದೂರದ ದಂತವೈದ್ಯ ಇವುಗಳ ನಡುವೆ ಸಿಕ್ಕಿದ ಹಲ್ಲಿಗೆ ಉಪದೇಶವೊಂದೇ ಔಷಧವಾಗಲಾರದು. ಅಲ್ಲದೆ, ನಮ್ಮ ನಾಡಿನ ಕೆಲವು ಭಾಗಗಳಲ್ಲಿ ಹಲ್ಲಿನ ಕೇಡು ನೀರಿನಲ್ಲಿಯೇ ಇದೆ.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಬಂದ ಮೆಕೇ ಎಂಬ ದಂತವೈದ್ಯನು ಅಲ್ಲಿಯವರ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡನು. ವಿಚಿತ್ರವೆಂದರೆ ಆ ಕಲೆಯ ಹಲ್ಲುಗಳು ಹುಳುಕಾಗುವುದು ಕಡಮೆ. ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ತಿಳಿಯಿತು. ಒಂದು ಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಇದ್ದರೆ ಹಲ್ಲಿನ ಹರಳುಗಳು ಆಮ್ಲಕ್ಕೆ ಸುಲಭವಾಗಿ ಬಗ್ಗವು. ಅದಕ್ಕಿಂತ ಬಹಳ ಮೀರಿದರೆ ಎನಾಮೆಲ್ ರೂಪುಗೊಳ್ಳುವಾಗಲೇ ಕೆಡುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳೂ ಬಿಗಿದುಕೊಳ್ಳುತ್ತವೆ. ಭಾರತದಲ್ಲಿ ಜನರಲ್ಲಿ ಈ ರೋಗವನ್ನು ಗುರುತಿಸಿದುದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಒಣ ತಾಲ್ಲೂಕುಗಳ ಕೊಳವೆಬಾವಿಗಳು ಇದಕ್ಕೆ ಹೆಸರಾಗಿವೆ. ಅಲ್ಲಿಯ ಮಕ್ಕಳ ಹಲ್ಲಿನ ಕಂದು ಪಟ್ಟೆಗಳನ್ನು ಕೊಳಕೆಂದು ಭಾವಿಸಿ “ಹಲ್ಲುಜ್ಜುವುದಿಲ್ಲವೇ?” ಎಂದು ಗದರಿಸುವ ಉಪಾಧ್ಯಾಯರು ಈ ವಾಕ್ಯವನ್ನು ಎರಡು ಸಲ ಓದಬೇಕು: ಆ ಕಲೆ ಎನಾಮೆಲ್ಲಿನ ಒಳಗಿದೆ, ಎಷ್ಟು ಉಜ್ಜಿದರೂ ಹೋಗದು. ಎಂಟು ವರ್ಷದೊಳಗಿನ ಮಕ್ಕಳಿಗೆ ಮಳೆನೀರನ್ನೋ ಕೆರೆ, ನದಿಗಳ ಶುದ್ಧೀಕರಿಸಿದ ನೀರನ್ನೋ ಒದಗಿಸುವುದೇ ಅದಕ್ಕೆ ಪರಿಹಾರ.

ಫ್ಲೋರೈಡಿನ ಹೆಸರು ಕೇಳಿದೊಡನೆ ಹೌಹಾರಿ ಪೇಸ್ಟನ್ನೇ ಬಿಟ್ಟುಬಿಡುವವರೂ ಇದ್ದಾರೆ. ನುಂಗುವ ನೀರಿಗೂ ಉಜ್ಜಿ ಉಗುಳುವ ಪೇಸ್ಟಿಗೂ ಅಂತರವುಂಟು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಜಾಹಿರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಚ್ಚುವುದು ಮಾರುವವನಿಗೆ ಮಾತ್ರ ಹಿತ. ಉಗುಳಲು ಬಾರದ ಹಸುಳೆಗಳ ವಿಷಯದಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ವೈದ್ಯರನ್ನು ವಿಚಾರಿಸುವುದು ಒಳ್ಳೆಯದು. ಬೇವಿನ ಕಡ್ಡಿ ಹಿರಿಯರ ಕೈಗೆ ಒಗ್ಗಿದ ಸಾಧನ. ಮಗುವಿನ ಹಿಂದವಡೆಗೆ ಅದು ಸೇರದು. ಇದ್ದಿಲು, ಇಟ್ಟಿಗೆಪುಡಿಗಳಂತೂ ಎನಾಮೆಲ್ಲನ್ನೇ ತೇಯುತ್ತವೆ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಹಲ್ಲುಜ್ಜುವ ಹದ ಬಂದಿರುವುದಿಲ್ಲ. ರಾತ್ರಿ ಮಲಗುವ ಮುನ್ನವಾದರೂ ದೊಡ್ಡವರೇ ಉಜ್ಜಬೇಕು. ಅಕ್ಕ ಅಣ್ಣಂದಿರು ಮಾಡಬಹುದಾದ ಕೆಲಸವಿದು.

ಮನೆಯ ಮಾತು ಇಷ್ಟು. ಇನ್ನು ಸಮಾಜದ ಹೊಣೆಯ ಮಾತು. ಬಡವರ್ಗದ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿಯನ್ನು ಕೊಡುವ ‘ದಂತಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ 2014ರ ಸುಮಾರಿಗೆ ಕೈಗೊಂಡಿತು. ಉಣ್ಣಲಾರದ ಮುದುಕರಿಗೆ ಹಲ್ಲು ಕೊಡುವುದು ಪುಣ್ಯದ ಕೆಲಸ. ಆದರೆ ಕೃತಕ ದಂತಪಂಕ್ತಿಗೆ ಬೀಳುವ ಖರ್ಚಿನಲ್ಲಿ ಎಷ್ಟು ಮಕ್ಕಳ ಆರನೆಯ ಹಲ್ಲನ್ನು ಉಳಿಸಬಹುದೆಂಬ ಲೆಕ್ಕವನ್ನೂ ಹಾಕಬೇಡವೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆಗಳಿಗೆ ಬರುವ ವೈದ್ಯರು ನೋಡಬೇಕಾದ ಮೂವತ್ತು ತೊಂದರೆಗಳಲ್ಲಿ ಹಲ್ಲಿನದೂ ಸೇರಿದೆ. ಇದು ಸಂತೋಷದ ವಿಷಯವೇ. ಆದರೆ ತೂತು ಬಿದ್ದುದನ್ನು ಕಂಡುಹಿಡಿದು ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳುಹಿಸಿದರೆ, ಒಂದು ದಿನದ ಕೂಲಿ ಬಿಟ್ಟು ಆ ಚೀಟಿಯನ್ನು ಹಿಡಿದುಕೊಂಡು ಹೋಗುವವರು ಎಷ್ಟು ಮಂದಿ?

ತೂತು ಬೀಳದಂತೆ ಮಾಡುವ ದಾರಿ ಇದೆಯೆಂಬುದನ್ನು ಸ್ಕಾಟ್ಲೆಂಡ್ ತೋರಿಸಿದೆ. ಅಲ್ಲಿ ಶಿಶುವಿಹಾರಗಳಲ್ಲಿ ಮಕ್ಕಳೆಲ್ಲರೂ ದಿನಕ್ಕೊಮ್ಮೆ ಉಪಾಧ್ಯಾಯಿನಿಯ ಕಣ್ಣೆದುರಿಗೆ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವ ಏರ್ಪಾಡನ್ನು ದೇಶಾದ್ಯಂತ ಮಾಡಿದರು. 2003ರಲ್ಲಿ ಮೊದಲ ತರಗತಿಗೆ ಸೇರಿದ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು ನೂರಕ್ಕೆ 45 ಮಂದಿ ಇದ್ದರು. 2020ರ ವೇಳೆಗೆ ಅವರ ಸಂಖ್ಯೆ 73ನ್ನು ದಾಟಿತ್ತು. ಹಲ್ಲು ಕೀಳುವುದರಲ್ಲಿ ಉಳಿದ ಹಣ ಬ್ರಷ್ಷಿಗೆ ಆದ ಖರ್ಚಿಗಿಂತ ಹೆಚ್ಚೆಂದೂ ಕಂಡುಬಂತು. ಅದು ಶ್ರೀಮಂತ ದೇಶ ಎನ್ನುವವರು ಫಿಲಿಪೀನ್ಸನ್ನು ನೋಡಬಹುದು. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಕೈತೊಳೆಯುವುದನ್ನೂ ಹಲ್ಲುಜ್ಜುವುದನ್ನೂ ಸೇರಿಸಿ ದಿನನಿತ್ಯದ ಪಾಠದಂತೆ ನಡೆಸಿದ್ದಾರೆ.

ನಮ್ಮಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ, ಅಂಗನವಾಡಿಗಳಿವೆ. ಊಟ ಮುಗಿದ ಮೇಲೆ ಎರಡು ನಿಮಿಷ ಹಲ್ಲುಜ್ಜುವುದನ್ನು ಸೇರಿಸುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ. ದೇಶದಲ್ಲಿ 300ಕ್ಕೂ ಮಿಕ್ಕಿ ದಂತವೈದ್ಯ ಕಾಲೇಜುಗಳಿವೆ. ಅವುಗಳಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ಒಂದೊಂದು ಕಾಲೇಜೂ ಸುತ್ತಣ ಕೆಲವು ಶಾಲೆಗಳನ್ನು ವಹಿಸಿಕೊಂಡು, ಒಂದನೆಯ ಎರಡನೆಯ ತರಗತಿಯ ಮಕ್ಕಳ ಆರನೆಯ ಹಲ್ಲಿನ ಗೀರುಗಳಿಗೆ ಸೀಲೆಂಟ್ ಎಂಬ ರಾಳದ ಲೇಪವನ್ನು ಹಾಕಿಸಿದರೆ ಸಾಕು. ಆಗಲೇ ತೂತಾಗಿದ್ದರೆ, 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಢಿಗೆ ಬಂದ ವಿಧಾನವೊಂದಿದೆ: ವಿದ್ಯುತ್ತಿನ ಡ್ರಿಲ್ಲಿಲ್ಲದೆ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು, ಗ್ಲಾಸ್ ಅಯೊನೊಮರ್ ಸಿಮೆಂಟನ್ನು ತುಂಬುವುದು. ಶಾಲೆಯ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಇದನ್ನು ಮಾಡಬಹುದು.

ನಲ್ಲಿಯಿಲ್ಲದ ಶಾಲೆಗಳಲ್ಲಿ ನೀರಿಗೇನು ಮಾಡುವುದೆಂಬ ಆಕ್ಷೇಪಣೆ ಬರುವುದು ಖಂಡಿತ. ಹಲ್ಲುಜ್ಜಿದ ಮೇಲೆ ಬಾಯಿ ತುಂಬ ನೀರು ಹಾಕಿಕೊಂಡು ಮುಕ್ಕಳಿಸುವುದು ಅನಾವಶ್ಯಕ. ನೊರೆಯನ್ನು ಉಗುಳಿ ಸುಮ್ಮನಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ತರಗತಿಗೆ ಬ್ರಷ್ಷುಗಳನ್ನು ತೊಳೆಯಲು ಒಂದು ಕೊಡ ನೀರು ಸಾಲುತ್ತದೆ. ಬ್ರಷ್ಷಿಗೆ ಮಗುವಿನ ಹೆಸರು ಬರೆದು, ಒಂದಕ್ಕೊಂದು ತಾಗದಂತೆ ತೂತಿನ ಹಲಗೆಯಲ್ಲಿ ಕೂದಲು ಮೇಲಾಗಿ ನಿಲ್ಲಿಸಿ ಒಣಗಲು ಬಿಡಬೇಕು. ಕೂದಲು ಬಾಗಿದಾಗ, ಇಲ್ಲವೆ ಮೂರು ತಿಂಗಳಿಗೊಮ್ಮೆ, ಹೊಸದನ್ನು ಕೊಡಬೇಕು. ಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಟ್ಟಾನು.